ಗಾಜಿನ ತಟ್ಟೆ ಕೆಡುವುದು ಆರುವಾಗ

ಗೊಂಬೆ ಹಬ್ಬಕ್ಕೆಂದು, ಎರಡು ಪದರ ಗಾಜನ್ನು ಕಿಲ್ನ್ ಎಂಬ ಕುಲುಮೆಯಲ್ಲಿ ಕಾಯಿಸಿ ಬೆಸೆದು ನಾನು ಮಾಡಿದ ಮೊದಲ ಗಾಜಿನ ತಟ್ಟೆಯನ್ನು ಶೆಟ್ಟಿ ಗೊಂಬೆಯ ಮುಂದೆ ರಾಗಿ ತುಂಬಿಸಿ ಇಟ್ಟಿದ್ದೆ. ಮೂರನೆಯ ದಿನ ಯಾರೂ ಮುಟ್ಟದಿದ್ದರೂ ‘ಟಿಣ್’ ಎಂದು ಎರಡಾಯಿತು. ರಾಗಿ ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಮಾಡಿದ ತಪ್ಪು ಎರಡು: ಬಳೆ ಚೂರು ಮತ್ತು ಅವಸರ.

ಮೈಸೂರಿನ ದೇವರಾಜ ಮಾರುಕಟ್ಟೆಯ ಬಳೆಗಳನ್ನು ಕಂಡರೆ ಒಡೆದು ಪದರಗಳ ನಡುವೆ ಹಾಕೋಣವೆಂಬ ಆಸೆ ಎಲ್ಲರಿಗೂ ಬರುತ್ತದೆ. ಹಾಕಬೇಡಿ. ಕಾದಾಗ ಹಿಗ್ಗುವ, ಆರಿದಾಗ ಕುಗ್ಗುವ ಪ್ರಮಾಣ ಗಾಜಿನಿಂದ ಗಾಜಿಗೆ ಬೇರೆ. ಹೊಂದದ ಚೂರಿನ ಸುತ್ತಲೇ ಬಿರುಕು ಹುಟ್ಟುತ್ತದೆ. ಈ ಹಿಗ್ಗುವ ಪ್ರಮಾಣವನ್ನು ಸೂಚಿಸಲು 90 ಅಥವಾ 96 ಎಂದು ಗುರುತಿರುವ, ಬೆಸೆಯಲೆಂದೇ ಮಾಡಿದ ಫ್ಯೂಸಿಂಗ್ ಗಾಜುಗಳನ್ನೂ ಒಂದರೊಡನೊಂದು ಬೆರೆಸುವಂತಿಲ್ಲ. ಕಲಿಯುವವರಿಗೆ ಕಿಟಕಿಯ 4 ಮಿಲಿಮೀಟರ್ ಸಾದಾ ಗಾಜೇ ಸಾಕು. ಎರಡು ಪದರವನ್ನೂ ಒಂದೇ ಹಾಳೆಯಿಂದ ಕತ್ತರಿಸಿ. ಕಾಯಿಸಿ ಥಟ್ಟನೆ ಆರಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜನ್ನು ಕತ್ತರಿಸಲು ಹೋದರೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ನಡುವೆ ತೆಳು ತಾಮ್ರದ ಹಾಳೆಯನ್ನು ಎಲೆಯಾಕಾರದಲ್ಲಿ ಕತ್ತರಿಸಿ ಇಡಿ. ನನ್ನ ಮಟ್ಟಿಗೆ ಯಾವ ಬಣ್ಣವೂ ಅದಕ್ಕೆ ಸಮವಲ್ಲ.

ಗಾಜನ್ನು ತೊಳೆದು, ಬೆರಳಚ್ಚು ಉಳಿಯದಂತೆ ಒರೆಸಿ, ಗಾಜು ಅಂಟದಂತೆ ತಡೆಯುವ ಕಿಲ್ನ್ ವಾಶ್ ಎಂಬ ಲೇಪ ಬಳಿದು ಒಣಗಿಸಿದ ಕಿಲ್ನ್ ಹಲಗೆಯ ಮೇಲಿಡಿ. ಕೇಕ್ ಮಾಡುವ ಓವನ್ 250 ಡಿಗ್ರಿಗೇ ನಿಲ್ಲುತ್ತದೆ, ಅದು ಆಗದು. ಮೈಕ್ರೋವೇವ್‌ನೊಳಗೆ ಇಡುವ ಪುಟ್ಟ ಕಿಲ್ನ್ ಪದಕಕ್ಕೆ ಸರಿ, ತಟ್ಟೆಗೆ ದುಡ್ಡು ದಂಡ.

ಗಂಟೆಗೆ 150 ಡಿಗ್ರಿಯಂತೆ 600ರವರೆಗೆ ಕಾಯಿಸಿ, ಆಮೇಲೆ ಬೇಗ 820ರ ಆಸುಪಾಸಿಗೆ ಏರಿಸಿ ಹತ್ತು ನಿಮಿಷ ಬಿಡಿ. ಅಂಚು ದುಂಡಗಾಗಿ ಪದರಗಳು ಒಂದಾಗುತ್ತವೆ. ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತೆಂದು ಸ್ವಿಚ್ ಆರಿಸುತ್ತಾರೆ. ಕೆಡುವುದೇ ಇಲ್ಲಿ. ಹೊರಮೈ ಮೊದಲು ಆರಿ ಗಟ್ಟಿಯಾಗುತ್ತದೆ, ಒಳಭಾಗ ತಡವಾಗಿ ಕುಗ್ಗುತ್ತದೆ. ಆ ಜಗ್ಗಾಟ ಗಾಜಿನೊಳಗೇ ಉಳಿದು ಎಂದೋ ಒಂದು ದಿನ ಸಿಡಿಯುತ್ತದೆ. ಆದ್ದರಿಂದ 550ಕ್ಕೆ ಇಳಿದಾಗ ಒಂದು ಗಂಟೆ ಅಲ್ಲೇ ನಿಲ್ಲಿಸಿ. ಅಲ್ಲಿಂದ 370ರವರೆಗೆ ಗಂಟೆಗೆ 50 ಡಿಗ್ರಿಗಿಂತ ವೇಗವಾಗಿ ಇಳಿಸಬೇಡಿ. ನಂತರ ಸ್ವಿಚ್ ಆರಿಸಿ, 50ಕ್ಕಿಂತ ಕೆಳಗೆ ಬರುವವರೆಗೆ ಮುಚ್ಚಳ ಮುಟ್ಟಬೇಡಿ. ‘ಸ್ವಲ್ಪ ಸಂದು ಮಾಡಿ ನೋಡುತ್ತೇನೆ’ ಎಂದು ಇಣುಕಿದರೆ ತಣ್ಣನೆ ಗಾಳಿ ತಾಗಿ ಅಲ್ಲೇ ಸೀಳುತ್ತದೆ. ನಡುವೆ ಕರೆಂಟ್ ಹೋದರೂ ಮುಚ್ಚಳ ತೆಗೆಯಬಾರದು. ಬಂದ ಮೇಲೆ ನಿಧಾನವಾಗಿ ಮತ್ತೆ 550ಕ್ಕೆ ಏರಿಸಿ, ಆ ಒಂದು ಗಂಟೆಯನ್ನು ಮೊದಲಿನಿಂದ ಎಣಿಸಿ.

ಬಟ್ಟಲು ಬೇಕೇ? ಕುಂಬಾರರಿಂದ ಹೊಳಪು ಹಚ್ಚದ, ತಳದಲ್ಲಿ ಸಣ್ಣ ತೂತಿರುವ ಮಣ್ಣಿನ ಬೋಗುಣಿ ಮಾಡಿಸಿಕೊಳ್ಳಿ. ಕಿಲ್ನ್ ವಾಶ್ ಬಳಿದು, ಮೇಲೆ ತಟ್ಟೆಯಿಟ್ಟು, ಮೊದಲಿನಷ್ಟೇ ನಿಧಾನವಾಗಿ 700ರ ಸುಮಾರಿಗೆ ಕಾಯಿಸಿದರೆ ಗಾಜು ಬಾಗಿ ಕುಳಿತುಕೊಳ್ಳುತ್ತದೆ. ಸ್ಟೀಲ್ ಪಾತ್ರೆಯೊಳಗೆ ಬಾಗಿಸಬೇಡಿ: ಆರುವಾಗ ಸ್ಟೀಲ್ ಗಾಜಿಗಿಂತ ಹೆಚ್ಚು ಕುಗ್ಗಿ ಹಿಸುಕಿಬಿಡುತ್ತದೆ. ಸ್ಟೀಲೇ ಬೇಕೆಂದರೆ ಪಾತ್ರೆಯನ್ನು ಬೋರಲು ಹಾಕಿ, ಗಾಜನ್ನು ಅದರ ಬೆನ್ನ ಮೇಲೆ ಇಳಿಬಿಡಿ. ಬಾಗಿಸಿದ ಮೇಲೆ 550ರ ಒಂದು ಗಂಟೆ ಮತ್ತೆ ತಪ್ಪದು. ನಾನು ಸಂಜೆ ಹಚ್ಚಿ, ಮರುದಿನ ಕಾಫಿಯಾದ ಮೇಲಷ್ಟೇ ಮುಚ್ಚಳ ತೆಗೆಯುತ್ತೇನೆ.