ಮೂತ್ರಪಿಂಡದಲ್ಲಿ ಸಕ್ಕರೆ ರಕ್ತಕ್ಕೆ ಮರಳುವ ದಾರಿ: ಚಿತ್ರ ಬಿಡಿಸಿ ತಿಳಿಯುವುದು ಹೇಗೆ?

ಆರೋಗ್ಯವಂತ ವಯಸ್ಕರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರೊಡನೆ ಸುಮಾರು 180 ಗ್ರಾಂ ಗ್ಲೂಕೋಸ್ ಕೂಡ ನಾಳಿಕೆಗಳಿಗೆ, ಎಂದರೆ ಮೂತ್ರಪಿಂಡದೊಳಗಿನ ಸಣ್ಣ ಕೊಳವೆಗಳಿಗೆ, ಇಳಿಯುತ್ತದೆ. ಆದರೂ ಮೂತ್ರದಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ನಾಳಿಕೆಯ ಗೋಡೆಯಲ್ಲಿ ಒಂದೇ ಸಾಲಾಗಿ ಜೋಡಿಸಿಕೊಂಡಿರುವ ಜೀವಕೋಶಗಳು ಅದನ್ನು ರಕ್ತಕ್ಕೆ ದಾಟಿಸುವ ಬಗೆಯನ್ನು ಬಾಯಿಪಾಠ ಮಾಡುವುದಕ್ಕಿಂತ ಹಾಳೆಯ ಮೇಲೆ ಬಿಡಿಸಿ ನೋಡುವುದು ಮೇಲು.

ಮೊದಲು ಒಂದಕ್ಕೊಂದು ತಾಗಿದಂತೆ, ಒಂದರ ಕೆಳಗೊಂದು, ಎರಡು ಚೌಕಗಳನ್ನು ಬರೆಯಿರಿ. ಇವು ಎರಡು ಜೀವಕೋಶಗಳು; ಚೌಕದ ಅಂಚುಗಳೇ ಕೋಶದ ಪೊರೆ. ಎಡಕ್ಕೆ ಸೋಸಿದ ದ್ರವ, ಬಲಕ್ಕೆ ರಕ್ತ. ಎಡ ಅಂಚಿಗೆ ಬ್ರಷ್ಷಿನ ಎಳೆಗಳಂತೆ ಒತ್ತಾದ ಗೀರುಗಳನ್ನು ಎಳೆಯಿರಿ. ಹೀರುವ ಮೇಲ್ಮೈಯನ್ನು ಹೆಚ್ಚಿಸುವುದು ಇವೇ. ಎಡ ತುದಿಯಲ್ಲಿ ಎರಡೂ ಚೌಕಗಳು ಕೂಡುವೆಡೆ ಒಂದು ಬೆಸುಗೆಯನ್ನು ಗುರುತಿಸಲು ಮರೆಯಬೇಡಿ. ಎಡಪೊರೆಯ ಪ್ರೋಟೀನುಗಳು ಬಲಪೊರೆಗೆ ಜಾರದಂತೆ ತಡೆಯುವುದರಲ್ಲಿ ಅದರ ಪಾತ್ರವಿದೆ. ಎರಡು ಬದಿಗಳ ಕೆಲಸ ಬೇರೆ ಬೇರೆಯಾಗಿ ಉಳಿಯದಿದ್ದರೆ ಮುಂದಿನದೇನೂ ನಡೆಯದು.

ಈಗ ಬಲಗಡೆಯಿಂದ ಆರಂಭಿಸಿ. ಸಕ್ಕರೆ ಒಳಬರುವುದು ಎಡದಿಂದಲಾದರೂ ಅದಕ್ಕೆ ಬೇಕಾದ ಬಲ ಹುಟ್ಟುವುದು ಇಲ್ಲಿ. ಇಲ್ಲಿರುವ ಪಂಪು ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುವೊಂದನ್ನು ಖರ್ಚು ಮಾಡಿ 3 ಸೋಡಿಯಂ ಅಯಾನುಗಳನ್ನು ಹೊರದೂಡಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಸೇರಿಸುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೋ ಏಡಿಯ ಕಾಲಿನ ನರಗಳಲ್ಲಿ ಇದನ್ನು ಕಂಡು 1957ರಲ್ಲಿ ಪ್ರಕಟಿಸಿದರು. ನೊಬೆಲ್ ಬಂದದ್ದು 1997ರಲ್ಲಿ. ಪಂಪು ಎಡೆಬಿಡದೆ ದುಡಿಯುವುದರಿಂದ ಕೋಶದೊಳಗೆ ಸೋಡಿಯಂ ಸದಾ ಕಡಿಮೆ.

ಬಳಿಕ ಎಡಪೊರೆಯಲ್ಲಿ ಎಸ್‌ಜಿಎಲ್‌ಟಿ2 ಎಂಬ ವಾಹಕವನ್ನು ಬರೆಯಿರಿ. ಸೋಡಿಯಂ ಹೆಚ್ಚಿರುವ ದ್ರವದಿಂದ ಕಡಿಮೆ ಇರುವ ಕೋಶದೊಳಕ್ಕೆ ನುಗ್ಗುವಾಗ, ಒಂದು ಸೋಡಿಯಂ ತನ್ನೊಡನೆ ಒಂದು ಗ್ಲೂಕೋಸನ್ನು ಎಳೆದು ತರುತ್ತದೆ. ಈ ಬಾಗಿಲಲ್ಲಿ ನೇರವಾಗಿ ಎಟಿಪಿ ಖರ್ಚಾಗುವುದಿಲ್ಲ. ಒಳಗೆ ಕೂಡಿಕೊಂಡ ಗ್ಲೂಕೋಸ್ ಬಲಪೊರೆಯ ಗ್ಲುಟ್2 ಎಂಬ ಇನ್ನೊಂದು ವಾಹಕದ ಮೂಲಕ ಇಳಿಜಾರಿನಲ್ಲಿ ಹರಿದಂತೆ ಹೊರಟು ರಕ್ತ ಸೇರುತ್ತದೆ. ಉಳಿದ ಅಲ್ಪ ಸಕ್ಕರೆಯನ್ನು ನಾಳಿಕೆಯ ಮುಂದಿನ ಭಾಗದ ಎಸ್‌ಜಿಎಲ್‌ಟಿ1 ಹಿಡಿಯುತ್ತದೆ.

ಚಿತ್ರ ಸರಿಯಿದೆಯೇ ಎಂದು ನೋಡಲು ಪಂಪನ್ನು ಅಳಿಸಿ. ಸೋಡಿಯಂ ಕೋಶದಲ್ಲಿ ತುಂಬಿಕೊಳ್ಳುತ್ತದೆ, ಎಳೆತ ಸಾಯುತ್ತದೆ, ಸಕ್ಕರೆ ಎಡಗಡೆಯೇ ಉಳಿಯುತ್ತದೆ. ಪಂಪನ್ನು ಮತ್ತೆ ಬರೆದು ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿಸಿದರೆ, ವಾಹಕಗಳಿಗೆ ಪುರುಸೊತ್ತಿಲ್ಲದೆ ಮಿಕ್ಕದ್ದು ಮೂತ್ರಕ್ಕೆ ಹೋಗುತ್ತದೆ. ಹತೋಟಿಯಲ್ಲಿಲ್ಲದ ಮಧುಮೇಹದಲ್ಲಿ ಆಗುವುದು ಇದೇ. ಡಾಪಾಗ್ಲಿಫ್ಲೋಜಿನ್‌ನಂತಹ ಮಧುಮೇಹದ ಮಾತ್ರೆಗಳು ಎಡಪೊರೆಯ ಎಸ್‌ಜಿಎಲ್‌ಟಿ2 ಬಾಗಿಲನ್ನೇ ಅಡ್ಡಗಟ್ಟಿ, ಸಕ್ಕರೆಯ ಒಂದು ಪಾಲನ್ನು ಬೇಕೆಂದೇ ಮೂತ್ರಕ್ಕೆ ಬಿಡುತ್ತವೆ.