ಐವತ್ತರ ಆಸುಪಾಸಿನಲ್ಲಿ ಹೊಸ ಕೆಲಸ: ಬಿಡುವ ಮೊದಲು ಮಾಡಿ ನೋಡಿ

"ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕು?" ನಲವತ್ತೈದೋ ಐವತ್ತೋ ದಾಟಿದವರು ಬೇರೆ ಕೆಲಸದ ಮಾತೆತ್ತಿದರೆ ಮೊದಲು ಕೇಳಿಬರುವುದು ಈ ಪ್ರಶ್ನೆ. ಕೇಳುವವರಿಗೆ ನಿಮ್ಮ ಮೇಲೆ ಕಾಳಜಿ ಇದೆ, ನಿಜ. ಆದರೆ ಐವತ್ತಕ್ಕೆ ಇನ್ನೂ ಹತ್ತು ಹದಿನೈದು ವರ್ಷ ದುಡಿಯುವ ಶಕ್ತಿ ಬಹಳ ಜನರಲ್ಲಿ ಇರುತ್ತದೆ. ಅಷ್ಟೂ ವರ್ಷ ಮನಸ್ಸಿಲ್ಲದ ಕೆಲಸಕ್ಕೆ ದಿನಾ ಹೋಗಿ ಬರುವುದು ಸಣ್ಣ ವಿಷಯ ಅಲ್ಲ.

ಹಾಗಂತ ನಾಳೆಯೇ ರಾಜೀನಾಮೆ ಬರೆದುಕೊಡಿ ಎನ್ನುತ್ತಿಲ್ಲ. ಈ ವಯಸ್ಸಿನಲ್ಲಿ ಕೆಲವರು ಎಲ್ಲವನ್ನೂ ಬಿಟ್ಟು ಸೊನ್ನೆಯಿಂದ ಶುರು ಮಾಡಲು ಹೋಗಿ ಸೋಲುತ್ತಾರೆ. ಇನ್ನು ಕೆಲವರು ವರ್ಷಗಟ್ಟಲೆ ಯೋಚನೆ ಮಾಡುತ್ತಲೇ ಕೂತುಬಿಡುತ್ತಾರೆ. ಇಬ್ಬರಿಗೂ ಹೇಳುವ ದಾರಿ ಒಂದೇ. ಇರುವ ಕೆಲಸದಲ್ಲಿ ಇದ್ದುಕೊಂಡೇ, ಗೊತ್ತಿರುವುದಕ್ಕೆ ಹತ್ತಿರದ್ದನ್ನು ಸಣ್ಣದಾಗಿ ಮಾಡಿ ನೋಡಿ.

ಮೊದಲು ವಯಸ್ಸಿನ ಅಳುಕು ಬಿಡಿ

ವಯಸ್ಸಾದ ಹಾಗೆ ಬುದ್ಧಿ ಮಂದವಾಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಜೋಶುವಾ ಹಾರ್ಟ್‌ಶಾರ್ನ್ ಮತ್ತು ಲಾರಾ ಜರ್ಮಿನ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ಸಾಮರ್ಥ್ಯಗಳು ಬೇರೆ ಬೇರೆ ವಯಸ್ಸಿನಲ್ಲಿ ತುದಿ ಮುಟ್ಟುತ್ತವೆ ಎಂದು ಕಂಡುಬಂತು. ಮಾಹಿತಿಯನ್ನು ಸರಸರ ಗ್ರಹಿಸುವ ವೇಗ ಹದಿನೆಂಟು ಹತ್ತೊಂಬತ್ತಕ್ಕೇ ಉತ್ತುಂಗಕ್ಕೆ ಹೋಗಿ ಇಳಿಯತೊಡಗುತ್ತದೆ. ಎದುರಿನವರ ಕಣ್ಣು ನೋಡಿ ಅವರ ಮನಸ್ಥಿತಿ ಅಂದಾಜು ಮಾಡುವ ಶಕ್ತಿ ನಲವತ್ತು ಐವತ್ತರಲ್ಲಿ ಚೆನ್ನಾಗಿರುತ್ತದೆ. ಪದಸಂಪತ್ತಂತೂ ಅರವತ್ತು ದಾಟಿದ ಮೇಲೂ ಬೆಳೆಯುತ್ತದೆ. ಅಂದರೆ ವೇಗವೇ ಮುಖ್ಯವಾದ ಕೆಲಸ ಈಗ ಕಷ್ಟ ಅನಿಸಬಹುದು. ಜನರೊಂದಿಗೆ ವ್ಯವಹರಿಸುವ, ವಿವರಿಸಿ ಹೇಳುವ, ತೂಗಿ ನೋಡುವ ಕೆಲಸಕ್ಕೆ ಇದೇ ಒಳ್ಳೆಯ ವಯಸ್ಸು.

ಸ್ವಂತ ಉದ್ಯಮಕ್ಕೂ ಇದೇ ಮಾತು. ಅರ್ಥಶಾಸ್ತ್ರಜ್ಞ ಪಿಯರ್ ಅಜೂಲೇ ಮತ್ತು ಸಂಗಡಿಗರು ಅಮೆರಿಕದ ಹೊಸ ಕಂಪನಿಗಳ ದಾಖಲೆ ತೆಗೆದು ನೋಡಿದರು. ಸಾವಿರಕ್ಕೆ ಒಂದರಂತೆ ಅತಿ ವೇಗವಾಗಿ ಬೆಳೆದ ಕಂಪನಿಗಳನ್ನು ಕಟ್ಟಿದವರಿಗೆ, ಶುರು ಮಾಡಿದಾಗ ಸರಾಸರಿ 45 ವರ್ಷ. ಅದೇ ಕ್ಷೇತ್ರದಲ್ಲಿ ಮೊದಲೇ ಕೆಲಸ ಮಾಡಿದ್ದವರಿಗೆ ಯಶಸ್ಸಿನ ಸಾಧ್ಯತೆ ಜಾಸ್ತಿ ಇತ್ತು.

ಕೆಎಫ್‌ಸಿ ಎಂಬ ಕರಿದ ಕೋಳಿಯ ಹೋಟೆಲುಗಳ ಕರ್ನಲ್ ಸ್ಯಾಂಡರ್ಸ್ ಅರವತ್ತೆರಡಕ್ಕೆ ಫ್ರಾಂಚೈಸಿ, ಅಂದರೆ ತಮ್ಮ ಅಡುಗೆಯನ್ನು ಬೇರೆಯವರು ಹಣ ಕೊಟ್ಟು ಮಾಡಿ ಮಾರುವ ವ್ಯವಸ್ಥೆ, ಶುರು ಮಾಡಿದರು ಎಂಬ ಕಥೆ ಎಲ್ಲರೂ ಹೇಳುತ್ತಾರೆ. ಅದು 1952ರ ಮಾತು. ಆದರೆ 1930ರಿಂದಲೇ ಅವರು ಕೆಂಟಕಿಯ ಕಾರ್ಬಿನ್‌ನಲ್ಲಿ, ಪೆಟ್ರೋಲ್ ಬಂಕ್ ಜೊತೆಗೇ ದಾರಿಹೋಕರಿಗೆ ಊಟ ಹಾಕುತ್ತಿದ್ದರು. ಅಡುಗೆ ಅವರಿಗೆ ಹೊಸದಾಗಿರಲಿಲ್ಲ, ಮಾರುವ ರೀತಿ ಹೊಸದು. ಗ್ರ್ಯಾಂಡ್‌ಮಾ ಮೋಸೆಸ್ ಎಂದು ಹೆಸರಾದ ಅಮೆರಿಕದ ಕಲಾವಿದೆಯದ್ದೂ ಹಾಗೆಯೇ. ಹೊಲಮನೆಯಲ್ಲಿ ದುಡಿದ ಈಕೆ ಉಣ್ಣೆಯ ದಾರದಲ್ಲಿ ಚಿತ್ರ ಕಸೂತಿ ಹಾಕುತ್ತಿದ್ದರು. ಸಂಧಿವಾತದಿಂದ ಸೂಜಿ ಹಿಡಿಯುವುದು ಕಷ್ಟವಾದಾಗ ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ ಕುಂಚ ಹಿಡಿದರು. 1961ರಲ್ಲಿ, ನೂರೊಂದನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಜಗತ್ತೇ ಅವರನ್ನು ಬಲ್ಲದಾಗಿತ್ತು. ಅವರ ಕೈಯಲ್ಲಿದ್ದ ಸಾಧನ ಬದಲಾಯಿತು. ಹೊಲ, ಹಳ್ಳಿ, ಋತುಗಳನ್ನು ನೋಡುವ ಕಣ್ಣು ಮೊದಲೇ ಇತ್ತು.

ಒಂದು ವಾರ ಬರೆದಿಡಿ

"ನನಗೆ ಏನು ಇಷ್ಟ?" ಎಂದು ಸುಮ್ನೆ ಕೂತು ಕೇಳಿಕೊಂಡರೆ ಉತ್ತರ ಸಿಗುವುದು ಅಪರೂಪ. ಅದರ ಬದಲು ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಪೂರ್ತಿ ವಾರ, ಕೆಲಸದಲ್ಲಿ ಏನೇನು ಮಾಡಿದಿರಿ ಎಂದು ಗಂಟೆಗೊಮ್ಮೆ ಬರೆಯಿರಿ. ಹುದ್ದೆಯ ಹೆಸರು ಬೇಡ, ಮಾಡಿದ ಕೆಲಸ ಬರೆಯಿರಿ. ಪಕ್ಕದಲ್ಲಿ ಒಂದು ಗುರುತು ಹಾಕಿ. ಹುರುಪು ತಂದಿದ್ದರೆ ಕೂಡಿಸುವ ಚಿಹ್ನೆ, ಸುಸ್ತು ಮಾಡಿದ್ದರೆ ಕಳೆಯುವ ಚಿಹ್ನೆ.

ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿದ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಸೋಮವಾರದ ಪುಟ ಹೀಗಿರಬಹುದು. ಬಿಲ್ಲುಗಳನ್ನು ತಾಳೆ ನೋಡಿದ್ದು ಎರಡು ಗಂಟೆ, ಕಳೆಯುವ ಚಿಹ್ನೆ. ಹಣ ಬಂದಿಲ್ಲ ಎಂದು ಸಿಟ್ಟಾಗಿದ್ದ ಪೂರೈಕೆದಾರರನ್ನು ಫೋನಿನಲ್ಲಿ ಸಮಾಧಾನ ಮಾಡಿದ್ದು ಅರ್ಧ ಗಂಟೆ, ಕೂಡಿಸುವ ಚಿಹ್ನೆ. ಹೊಸದಾಗಿ ಸೇರಿದ ಹುಡುಗನಿಗೆ ಲೆಡ್ಜರ್ ಹೇಳಿಕೊಟ್ಟದ್ದು ಮುಕ್ಕಾಲು ಗಂಟೆ, ಎರಡು ಕೂಡಿಸುವ ಚಿಹ್ನೆ. ಮೀಟಿಂಗು, ಕಳೆಯುವ ಚಿಹ್ನೆ. ಎಲ್ಲೋ ತಪ್ಪಿಹೋಗಿದ್ದ ಮೊತ್ತವನ್ನು ಬೆನ್ನತ್ತಿ ಹಿಡಿದದ್ದು, ಕೂಡಿಸುವ ಚಿಹ್ನೆ.

ಶುಕ್ರವಾರದ ಹೊತ್ತಿಗೆ ಚಿತ್ರ ಕಾಣತೊಡಗುತ್ತದೆ. ಈಕೆಗೆ ಅಂಕಿಸಂಖ್ಯೆಯ ಮೇಲೆ ಸಿಟ್ಟಿಲ್ಲ. ದಿನವಿಡೀ ಒಂದೇ ತಾಳೆ ನೋಡುವುದು ಸಾಕಾಗಿದೆ, ಅಷ್ಟೇ. ಕಲಿಸುವುದು, ಜಗಳ ಬಗೆಹರಿಸುವುದು, ತಪ್ಪು ಹುಡುಕುವುದು ಈಕೆಯ ಬಲ. "ಲೆಕ್ಕದ ಕೆಲಸವೇ ಬೇಡ" ಎಂದು ಹೊರಟಿದ್ದವರಿಗೆ ಈಗ ಲೆಕ್ಕ ಕಲಿಸುವ ತರಬೇತಿ, ಗ್ರಾಹಕರ ದೂರು ನೋಡುವ ಕೆಲಸ, ಸಣ್ಣ ಸಂಸ್ಥೆಗಳ ಲೆಕ್ಕ ಪರಿಶೀಲನೆ, ಹೀಗೆ ಮೂರು ದಾರಿ ಎದುರಿಗಿವೆ. ಒಂದೂ ಸೊನ್ನೆಯಿಂದ ಶುರುವಾಗುವುದಿಲ್ಲ.

ಎರಡನ್ನೂ ಒಟ್ಟಿಗೆ ಬದಲಿಸಬೇಡಿ

ಕ್ಷೇತ್ರ ಒಂದು, ಅದರಲ್ಲಿ ನೀವು ಮಾಡುವ ಕೆಲಸ ಇನ್ನೊಂದು. ಎರಡನ್ನೂ ಒಂದೇ ಸಲ ಬದಲಿಸಿದರೆ ನಿಮ್ಮ ಅನುಭವಕ್ಕೆ ಬೆಲೆ ಕಟ್ಟುವವರು ಸಿಗುವುದಿಲ್ಲ. ಶುಶ್ರೂಷಕಿ ಆಸ್ಪತ್ರೆಯಲ್ಲೇ ಇದ್ದು ತರಬೇತಿಯ ಕಡೆಗೆ ಹೋಗಬಹುದು. ಮಾರಾಟದವರು ಮಾರಾಟದಲ್ಲೇ ಇದ್ದು, ಮೊದಲಿಂದ ಆಸಕ್ತಿ ಇದ್ದ ಪುಸ್ತಕದ ವ್ಯಾಪಾರಕ್ಕೆ ಹೋಗಬಹುದು. ಎರಡೂ ಬದಲಾಗಲೇಬೇಕು ಅನ್ನಿಸಿದರೆ ಎರಡು ಹಂತದಲ್ಲಿ ಹೋಗಿ.

ಅಲ್ಪಸ್ವಲ್ಪ ಪರಿಚಯದವರನ್ನು ಕೇಳಿ

ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಕುತೂಹಲದ ಲೆಕ್ಕ ಇದೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು, ಆ ವ್ಯಕ್ತಿಯನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಅವರು ಕೇಳಿದ್ದರು. ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಆರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆಲ್ಲ ಸುಳಿವು ಸಿಕ್ಕಿದ್ದು ಯಾವಾಗಲೋ ಒಮ್ಮೆ ಸಿಗುವವರಿಂದ. ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೂ ಹೆಚ್ಚುಕಡಿಮೆ ಇದನ್ನೇ ಹೇಳಿತು.

ಕಾರಣ ಸರಳ. ಹತ್ತಿರದ ಗೆಳೆಯರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಅಷ್ಟೇ ಅಲ್ಲ, ಅವರು ನಿಮ್ಮನ್ನು ಹಳೆಯ ಕೆಲಸದವರಾಗಿಯೇ ನೋಡುತ್ತಾರೆ. "ನೀನು ಪಾಠ ಮಾಡ್ತೀಯಾ?" ಎಂದು ಆಶ್ಚರ್ಯಪಡುವವರು ಅವರೇ ಅಲ್ವಾ? ಹಾಗಾಗಿ ಹಿಂದಿನ ಸಹೋದ್ಯೋಗಿ, ಕಾಲೇಜಿನಲ್ಲಿ ಜೊತೆಗಿದ್ದವರು, ಮಕ್ಕಳ ಗೆಳೆಯರ ತಂದೆತಾಯಿ, ಇಂಥವರನ್ನು ನೆನಪು ಮಾಡಿಕೊಳ್ಳಿ. ಒಂದು ಸಣ್ಣ ಸಂದೇಶ ಸಾಕು: "ನಿಮ್ಮ ಕ್ಷೇತ್ರಕ್ಕೆ ಬರುವ ಯೋಚನೆ ಇದೆ. ಇಪ್ಪತ್ತು ನಿಮಿಷ ಮಾತಾಡಬಹುದಾ? ಕೆಲಸ ಕೇಳಲು ಅಲ್ಲ, ತಿಳಿದುಕೊಳ್ಳಲು." ಆ ಮಾತಿಗೆ ಬದ್ಧರಾಗಿರಿ. ಅವತ್ತು ಕೆಲಸ ಕೇಳಲೇಬೇಡಿ.

ಸಿಕ್ಕಾಗ "ನಿಮ್ಮ ಕೆಲಸ ಹೇಗಿದೆ?" ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ. "ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ?" ಎಂದು ಕೇಳಿ ನೋಡಿ, ನಿಜವಾದ ಕೆಲಸ ಕಣ್ಣಿಗೆ ಕಾಣುತ್ತದೆ. ಇನ್ನೆರಡು ಪ್ರಶ್ನೆಗಳೂ ಒಳ್ಳೆಯವು. ಈ ಕೆಲಸ ಬಿಟ್ಟು ಹೋದವರು ಯಾಕೆ ಹೋದರು? ನನ್ನ ವಯಸ್ಸಿನಲ್ಲಿ ಹೊಸದಾಗಿ ಬಂದವರು ಯಾರಾದರೂ ಇದ್ದಾರಾ? ಹೊರಡುವ ಮುಂಚೆ ಇನ್ನೊಬ್ಬರ ಪರಿಚಯ ಮಾಡಿಕೊಡಲು ಕೇಳಿ.

ಸಣ್ಣದಾಗಿ ಮಾಡಿ ನೋಡಿ

ಕೇಳಿದ್ದಷ್ಟೇ ಸಾಲದು. ಸಾಧ್ಯವಾದರೆ ಒಂದು ದಿನ ಆ ಕೆಲಸ ಮಾಡುವವರ ಪಕ್ಕ ಕೂತು ನೋಡಿ. ವಾರಾಂತ್ಯದಲ್ಲಿ ಸ್ವಯಂಸೇವಕರಾಗಿ ಹೋಗಿ. ಒಂದು ಸಣ್ಣ ಕೆಲಸವನ್ನು ಹಣಕ್ಕೆ ಒಪ್ಪಿಕೊಂಡು ಮುಗಿಸಿಕೊಡಿ. ಹಣ ಕೊಟ್ಟವರು ಮುಲಾಜಿಲ್ಲದೆ ತಪ್ಪು ತೋರಿಸುತ್ತಾರೆ, ಆ ಪಾಠ ಬಿಟ್ಟಿ ಕೆಲಸದಲ್ಲಿ ಸಿಗುವುದಿಲ್ಲ. ಮೊದಲೇ ಒಂದು ಕೆಲಸ ಇದ್ದರೆ, ಹೊರಗೆ ದುಡಿಯಲು ನಿಮ್ಮ ಕರಾರು ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ನೋಡುವಾಗ ಚೆಂದದ ಭಾಗಕ್ಕೆ ಮರುಳಾಗಬೇಡಿ. ಬೇಸರ ತರಿಸುವ ಭಾಗವನ್ನು ತಡೆದುಕೊಳ್ಳಲು ನಿಮಗೆ ಆಗುತ್ತದಾ ಎಂದು ನೋಡಿ. ಪಾಠ ಹೇಳುವ ಒಂದು ಗಂಟೆ ಖುಷಿ ಕೊಡಬಹುದು, ಮೂವತ್ತು ಉತ್ತರಪತ್ರಿಕೆ ತಿದ್ದುವ ರಾತ್ರಿ ಹೇಗಿರುತ್ತದೆ? ದೇಹವನ್ನೂ ಕೇಳಿ. ದಿನವಿಡೀ ನಿಂತು ಮಾಡುವ ಕೆಲಸವಾದರೆ ಮೊಣಕಾಲು ಏನು ಹೇಳುತ್ತದೆ, ರಾತ್ರಿ ಪಾಳಿಗೆ ನಿದ್ದೆ ಹೊಂದಿಕೊಳ್ಳುತ್ತದಾ? ಇಂಥ ನಾಲ್ಕೈದು ಪ್ರಯತ್ನದಲ್ಲಿ ಒಂದೆರಡು ಬೇಡ ಅನ್ನಿಸಿದರೆ ಅದೂ ಲಾಭವೇ. ರಾಜೀನಾಮೆ ಕೊಟ್ಟ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಯಿತಲ್ಲ.

ಹಣದ ಲೆಕ್ಕ

ಮನೆಯವರನ್ನು ಜೊತೆಗೆ ಕೂರಿಸಿಕೊಂಡೇ ಈ ಲೆಕ್ಕ ಮಾಡಿ. ಹೊಸ ಕೆಲಸದಲ್ಲಿ ಮೊದಲು ಸಂಬಳ ಕಡಿಮೆ ಆಗುವ ಸಾಧ್ಯತೆಯೇ ಹೆಚ್ಚು. ಅದು ಎಷ್ಟಿರಬಹುದು ಎಂದು ವಿಚಾರಿಸಿ, ಈಗಲೇ ಮೂರು ತಿಂಗಳು ಅಷ್ಟೇ ಹಣದಲ್ಲಿ ಮನೆ ನಡೆಸಿ. ಉಳಿದದ್ದನ್ನು ಬೇರೆ ಖಾತೆಗೆ ಹಾಕಿ. ಸಂಸಾರ ತೂಗುತ್ತದೋ ಇಲ್ಲವೋ ಅಂದಾಜು ಮಾಡಬೇಕಿಲ್ಲ, ಕಣ್ಣಾರೆ ಕಾಣುತ್ತದೆ. ಕೈಯಲ್ಲೂ ಒಂದಷ್ಟು ಉಳಿಯುತ್ತದೆ. ಆರು ತಿಂಗಳಿಂದ ಒಂದು ವರ್ಷದ ಖರ್ಚು ಕೈಯಲ್ಲಿದ್ದರೆ ಮನಸ್ಸು ಗಟ್ಟಿಯಾಗಿರುತ್ತದೆ. ಕಂಪನಿ ಕೊಟ್ಟ ಆರೋಗ್ಯ ವಿಮೆ ಕೆಲಸ ಬಿಟ್ಟ ದಿನವೇ ನಿಂತುಹೋಗಬಹುದು, ಬದಲಿ ವ್ಯವಸ್ಥೆ ಮೊದಲೇ ಆಗಿರಲಿ.

ನಿವೃತ್ತಿಗೆ ಎತ್ತಿಟ್ಟ ಗಂಟಿಗೆ ಮಾತ್ರ ಕೈ ಹಾಕಬೇಡಿ. ಈ ವಯಸ್ಸಿನವರ ಕೈಯಲ್ಲಿ ಒಂದಷ್ಟು ಹಣ ಇರುತ್ತದೆ ಎಂದು ಹೊಂಚು ಹಾಕುವವರು ಇದ್ದಾರೆ. ಕೆಲಸ ಕೊಡಿಸುತ್ತೇವೆ ಎಂದು ಠೇವಣಿ ಕೇಳುವವರು, ಇಂತಿಷ್ಟು ಆದಾಯ ಖಚಿತ ಎಂದು ಮಳಿಗೆ ಒಪ್ಪಂದ ಮುಂದಿಡುವವರು, "ಇವತ್ತೇ ಕಟ್ಟಿದರೆ ರಿಯಾಯಿತಿ" ಎನ್ನುವ ಕೋರ್ಸಿನವರು. ಸರಿಯಾದ ಸಂಸ್ಥೆ ಕೆಲಸ ಕೊಡಲು ನಿಮ್ಮಿಂದ ಹಣ ಕೇಳುವುದಿಲ್ಲ. ಅವಸರ ಮಾಡುವವರನ್ನು ಕಂಡರೆ ಎದ್ದು ಬನ್ನಿ.

ಕೋರ್ಸಿಗೆ ಸೇರುವ ಮುನ್ನ

ಕೆಲಸ ಕೊಡುವ ಇಬ್ಬರನ್ನು ಕೇಳಿ: ಈ ಸರ್ಟಿಫಿಕೇಟ್ ಇದ್ದರೆ ನೀವು ತೆಗೆದುಕೊಳ್ಳುತ್ತೀರಾ? ಅಲ್ಲಿ ಕಲಿತು ಮುಗಿಸಿದ ಇಬ್ಬರನ್ನು ಕೇಳಿ: ಈಗ ಏನು ಮಾಡುತ್ತಿದ್ದೀರಿ? ಕಾನೂನಿನ ಪ್ರಕಾರ ಪರವಾನಗಿ ಬೇಕಾದ ವೃತ್ತಿಯಾದರೆ ಮಾತು ಬೇರೆ, ಅಲ್ಲಿ ಅಡ್ಡದಾರಿ ಇಲ್ಲ. ಉಳಿದ ಕಡೆ ಚಿಕ್ಕ ಕೋರ್ಸಿನಿಂದ ಶುರು ಮಾಡಿ.

ಬಯೋಡೇಟಾ ಮತ್ತು ಸಂದರ್ಶನ

ಮೂವತ್ತು ವರ್ಷದ ಇತಿಹಾಸವನ್ನೆಲ್ಲ ಬರೆಯಬೇಡಿ. ಕೊನೆಯ ಹತ್ತು ಹದಿನೈದು ವರ್ಷ ಸಾಕು, ಎರಡು ಪುಟ ದಾಟದಿರಲಿ. ಹೊಸ ಕೆಲಸಕ್ಕೆ ಬೇಕಾದ್ದು ಮೊದಲ ಅರ್ಧ ಪುಟದಲ್ಲೇ ಇರಲಿ. ಹಳೆಯ ಹುದ್ದೆಯ ಒಳಮಾತುಗಳನ್ನು ಹೊರಗಿನವರಿಗೆ ಅರ್ಥವಾಗುವ ಹಾಗೆ ಬಿಡಿಸಿ ಬರೆಯಿರಿ.

ಸಂದರ್ಶನದಲ್ಲಿ ಎರಡು ಪ್ರಶ್ನೆ ಬಂದೇ ಬರುತ್ತವೆ ಅಂದುಕೊಳ್ಳಿ. "ಇಷ್ಟು ಅನುಭವ ಇಟ್ಟುಕೊಂಡು ಈ ಕೆಲಸಕ್ಕೆ ಯಾಕೆ?" ಇಲ್ಲಿ ಹಳೆಯ ಆಫೀಸಿನ ದೂರು ಬೇಡ. ನೀವು ಮಾಡಿ ನೋಡಿದ ಸಣ್ಣ ಕೆಲಸದ ಬಗ್ಗೆ ಹೇಳಿ, ಅದು ನಿಮ್ಮ ಆಸಕ್ತಿಗೆ ಸಾಕ್ಷಿ. "ನಿಮಗಿಂತ ಚಿಕ್ಕವರ ಕೈಕೆಳಗೆ ಕೆಲಸ ಮಾಡುತ್ತೀರಾ?" ಬರೀ ಹೌದು ಎಂದರೆ ಯಾರೂ ನಂಬುವುದಿಲ್ಲ. ಚಿಕ್ಕವರಿಂದ ಏನಾದರೂ ಕಲಿತ ಒಂದು ನಿಜ ಪ್ರಸಂಗ ಹೇಳಿ.

ಸೇರಿದ ಮೇಲೆ

ಹೊಸ ಕಡೆಯ ನೇಮಕಾತಿ ಪತ್ರ ಕೈಗೆ ಬಂದ ಮೇಲೆಯೇ ಇಲ್ಲಿಯ ರಾಜೀನಾಮೆ. ನೋಟಿಸ್ ಅವಧಿಯಲ್ಲಿ ಕೆಲಸವನ್ನು ಚೆನ್ನಾಗಿ ವಹಿಸಿಕೊಟ್ಟು, ಅನುಭವ ಪತ್ರ, ಬಾಕಿ ಹಣದ ಕಾಗದ ಎಲ್ಲ ತೆಗೆದುಕೊಂಡು ಬನ್ನಿ. ಹಳೆಯ ಕಡೆಯವರೇ ಮುಂದೆ ನಿಮ್ಮ ಮೊದಲ ಗಿರಾಕಿಗಳಾದರೂ ಆಗಬಹುದು.

ಮೊದಲ ಕೆಲವು ತಿಂಗಳು ಕಷ್ಟವೇ. ನಿನ್ನೆವರೆಗೆ ನಿಮ್ಮನ್ನು ಕೇಳಿ ಮುಂದುವರಿಯುತ್ತಿದ್ದರು, ಇಲ್ಲಿ ಪ್ರಿಂಟರ್ ಎಲ್ಲಿದೆ ಎಂಬುದನ್ನೂ ನೀವೇ ಕೇಳಬೇಕು. ಆ ಮುಜುಗರ ಸಹಜ, ದಿನ ಕಳೆದಂತೆ ಕಡಿಮೆಯಾಗುತ್ತದೆ. "ನಮ್ಮ ಹಳೇ ಆಫೀಸಿನಲ್ಲಿ ಹೀಗೆ ಮಾಡ್ತಿದ್ವಿ" ಎಂಬ ಮಾತನ್ನು ಸದ್ಯಕ್ಕೆ ಒಳಗೇ ಇಟ್ಟುಕೊಳ್ಳಿ. ಇಲ್ಲಿ ಯಾಕೆ ಹೀಗೆ ಮಾಡುತ್ತಾರೆ ಎಂದು ಅರ್ಥವಾದ ಮೇಲೆ ಹೇಳಿದರೆ ಅದೇ ಮಾತಿಗೆ ಬೆಲೆ ಬರುತ್ತದೆ. ಸಂದೇಹಗಳನ್ನು ಬರೆದಿಟ್ಟುಕೊಂಡು, ದಿನಕ್ಕೊಮ್ಮೆ ಒಬ್ಬರ ಬಳಿ ಹತ್ತು ನಿಮಿಷ ಕೇಳಿಕೊಂಡು ಎಲ್ಲವನ್ನೂ ಒಟ್ಟಿಗೆ ಬಗೆಹರಿಸಿಕೊಳ್ಳಿ. ಹೇಳಿಕೊಡುವವರಿಗೆ ನಿಮ್ಮ ಮಗಳ ವಯಸ್ಸೇ ಆಗಿದ್ದರೂ ಬಹುವಚನದಲ್ಲೇ ಮಾತಾಡಿಸಿ.