ವೀಲ್‌ಚೇರ್‌ಗೆ ನೆರವು ಕೇಳುವುದು ಹೇಗೆ? ಮೊದಲು ಟೇಪು, ಆಮೇಲೆ ಅರ್ಜಿ

ನೆರವಿನಲ್ಲಿ ಬಂದ ವೀಲ್‌ಚೇರ್ ಮೂಲೆ ಸೇರಿದೆ ಎಂದರೆ ಬಹಳಷ್ಟು ಸಲ ಅಳತೆಯೇ ಕಾರಣ. ಅರ್ಜಿಯಲ್ಲಿ ಬರೀ ‘ವೀಲ್‌ಚೇರ್ ಬೇಕು’ ಎಂದಿದ್ದರೆ ದಾಸ್ತಾನಿನಲ್ಲಿರುವ ಗಾತ್ರದ್ದೇ ಬರುತ್ತದೆ.

ಅಳೆಯುವಾಗ ವ್ಯಕ್ತಿ ಗಟ್ಟಿ ಬೆಂಚಿನ ಮೇಲೆ ನೆಟ್ಟಗೆ ಕೂತಿರಲಿ, ದಿನಾ ಹಾಕುವ ಚಪ್ಪಲಿ ಕಾಲಲ್ಲಿರಲಿ. ಸೊಂಟದ ಕೆಳಗೆ ಎರಡೂ ಪಕ್ಕಕ್ಕೆ ಒಂದೊಂದು ಪುಸ್ತಕ ಆನಿಸಿ ನಿಲ್ಲಿಸಿ. ನಡುವಿನ ಅಂತರವೇ ಸೀಟಿನ ಅಗಲ. ‘ಸ್ವಲ್ಪ ದೊಡ್ಡದೇ ಇರಲಿ’ ಎಂಬ ಮಾತಿಗೆ ಕಿವಿಗೊಡಬೇಡಿ. ಅಗಲ ಹೆಚ್ಚಾದರೆ ಮೈ ಒಂದು ಕಡೆ ವಾಲುತ್ತದೆ, ಚಕ್ರಕ್ಕೆ ಕೈ ಚಾಚಿ ಚಾಚಿ ಭುಜ ನೋಯುತ್ತದೆ. ಇನ್ನು, ಪೃಷ್ಠದ ಹಿಂಬದಿಯಿಂದ ಮಂಡಿಯ ಹಿಂಬದಿವರೆಗಿನ ಉದ್ದದಲ್ಲಿ 3ರಿಂದ 6 ಸೆಂ.ಮೀ. ಕಳೆದರೆ ಸೀಟಿನ ಆಳ. ಎರಡೂ ಕಾಲು ಅಳೆದು ಕಡಿಮೆ ಬಂದದ್ದನ್ನು ಹಿಡಿಯಿರಿ. ಆಳ ಜಾಸ್ತಿಯಾದರೆ ಅಂಚು ಮಂಡಿಯ ಹಿಂದೆ ಒತ್ತುತ್ತದೆ. ಕೂತವರು ಮುಂದಕ್ಕೆ ಜಾರುತ್ತಾರೆ, ಬೆನ್ನು ಬಾಗುತ್ತದೆ. ಮಂಡಿಯ ಹಿಂಬದಿಯಿಂದ ಹಿಮ್ಮಡಿಯ ತಳದವರೆಗಿನ ಅಳತೆ, ಪಾದ ಇಡುವ ಫುಟ್‌ರೆಸ್ಟ್ ಎಷ್ಟು ಕೆಳಗಿರಬೇಕು ಎಂಬುದಕ್ಕೆ. ಇದನ್ನು ಕುಷನ್‌ನ ಮೇಲ್ಭಾಗದಿಂದ ಲೆಕ್ಕ ಹಾಕಬೇಕು, ಸೀಟಿನ ಬಟ್ಟೆಯಿಂದಲ್ಲ.

ಕುಷನ್ ಅಲಂಕಾರವಲ್ಲ. ಕೆಳಮೈಗೆ ಸ್ಪರ್ಶ ತಿಳಿಯದವರಿಗೆ ಒತ್ತಡದ ಹುಣ್ಣು (ಒಂದೇ ಜಾಗ ಬಹಳ ಹೊತ್ತು ಒತ್ತಿ ಆಗುವ ಗಾಯ) ಪ್ರಾಣಕ್ಕೇ ಸಂಚಕಾರ ತರಬಲ್ಲದು. ಕೂತವರ ಕೂರುವ ಮೂಳೆಗೂ (ಕೂತಾಗ ಪೃಷ್ಠದಡಿ ಗಟ್ಟಿಯಾಗಿ ತಾಗುವ ಮೂಳೆ) ಕುಷನ್‌ಗೂ ನಡುವೆ ಬೆರಳು ತೂರಿಸಿ ನೋಡಿ. ಬೆರಳ ತುದಿ 5 ಮಿ.ಮೀ.ನಷ್ಟು ಮೇಲೆ ಕೆಳಗೆ ಆಡಿದರೆ ಸರಿ. ಸಿಕ್ಕಿಕೊಂಡು ಎಳೆಯಲು ಕಷ್ಟವಾದರೆ ಆ ಕುಷನ್ ಬೇಡ.

ಈಗ ಅರ್ಜಿ. ಹಣ ಕೊಡುವವರಿಗೆ ಕಾಯಿಲೆಯ ಹೆಸರಷ್ಟೇ ಸಾಲದು, ನಿತ್ಯದ ಬದುಕು ಕಾಣಬೇಕು. ‘ಕಾಲಿಗೆ ಬಲವಿಲ್ಲ’ ಎಂದು ನಿಲ್ಲಿಸದೆ, ‘ಕೆಲಸಕ್ಕೆ ಹೋಗಲು 400 ಮೀಟರ್ ಮಣ್ಣುರಸ್ತೆ ಇದೆ, ಮನೆಯ ಬಾಗಿಲು 70 ಸೆಂ.ಮೀ.’ ಎಂದು ಬರೆಯಿರಿ. ವೀಲ್‌ಚೇರಿನ ಒಟ್ಟು ಅಗಲ ಸೀಟಿಗಿಂತ ಸುಮಾರು 20 ಸೆಂ.ಮೀ. ಹೆಚ್ಚಿರುವುದರಿಂದ ಬಾಗಿಲಿನ ಅಳತೆ ಮರೆಯುವಂತಿಲ್ಲ. ಅಗ್ಗದ ಮಾದರಿ ಏಕೆ ಆಗದು ಎಂಬುದನ್ನೂ ಒಂದೆರಡು ವಾಕ್ಯದಲ್ಲಿ ತಿಳಿಸಿ.

ವೀಲ್‌ಚೇರ್ ಒದಗಿಸುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿಯ ಎಂಟು ಹಂತಗಳಲ್ಲಿ ಹಣ ಹೊಂದಿಸಿ ಆರ್ಡರ್ ಕೊಡುವುದು ನಾಲ್ಕನೆಯದು. ಮೈಗೆ ಹೊಂದಿಸುವುದು, ಬಳಸುವ ತರಬೇತಿ, ರಿಪೇರಿ ಎಲ್ಲವೂ ಅದರ ನಂತರದವು. ಹಾಗಾಗಿ ಕುಷನ್, ಟ್ಯೂಬು, ರಿಪೇರಿ ವೆಚ್ಚವನ್ನು ಕೊಟೇಶನ್‌ನಲ್ಲೇ ಸೇರಿಸಿ. ಆಮೇಲೆ ಕೇಳಿದರೆ ಹೊಸ ಅರ್ಜಿಯೇ ಆದೀತು. ಮಂಜೂರಾತಿ ಪತ್ರ ಕೈಸೇರುವ ಮುನ್ನ ಖರೀದಿಸಬೇಡಿ, ಮೊದಲೇ ಕೊಂಡದ್ದಕ್ಕೆ ಹಣ ಸಿಗದಿರುವುದೇ ಹೆಚ್ಚು. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ಮೇಲ್ಮನವಿಗೆ ಅದೇ ಆಧಾರ.

ವೀಲ್‌ಚೇರ್ ಬಂದ ದಿನ ರಸೀತಿಗೆ ಸಹಿ ಹಾಕುವ ಮೊದಲು ಕೂತು ನೋಡಿ. ಕೈ ಇಳಿಬಿಟ್ಟಾಗ ಬೆರಳ ತುದಿ ಹಿಂದಿನ ಚಕ್ರದ ಅಚ್ಚಿನ ಹತ್ತಿರ ಬರಬೇಕು. ಬಾರದಿದ್ದರೆ ಅದನ್ನು ರಸೀತಿಯ ಮೇಲೆಯೇ ಬರೆದು, ಹೊಂದಿಸಿಕೊಡಲು ಕೇಳಿ.